ಭಾವನ ತಲೆಗೆ ತೈಲವರ್ಣ

ಕಟಿಂಗ್ ಶಾಪಿನ ಕನ್ನಡಿಯ ಪಕ್ಕ ಕತ್ತರಿ ತನ್ನ ಭಾವನ ಚಿತ್ರವನ್ನು ತೂಗುಹಾಕಿದ್ದೇ ತಪ್ಪಾಯಿತು.

ಕತ್ತರಿ ಎನ್ನುವುದು ಬೀದಿಯವರು ಇಟ್ಟ ಹೆಸರು. ಅಪ್ಪ ಅಮ್ಮ ಇಟ್ಟಿದ್ದು ಏನೆಂದು ಕೇಳಿದರೆ ಅವನೂ ಒಂದು ಕ್ಷಣ ಯೋಚಿಸಬೇಕಾಗಿತ್ತು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮೊಬೈಲು ಉಜ್ಜುತ್ತ ಕೂತಿದ್ದವನಿಗೆ ಒಂದು ಆ್ಯಪ್ ಸಿಕ್ಕಿತ್ತು. ಅದಕ್ಕೆ ಫೋಟೊ ಕೊಟ್ಟರೆ ಕುಂಚದಲ್ಲಿ ಬರೆದ ಚಿತ್ರದಂತೆ ಮಾಡಿಕೊಡುತ್ತಿತ್ತು. ಜಲವರ್ಣ, ಪೆನ್ಸಿಲ್, ತೈಲವರ್ಣ, ಯಾವುದು ಬೇಕೋ ಅದನ್ನು ಒತ್ತಿದರೆ ಆಯಿತು. ಹೆಂಡತಿಯ ಫೋಟೊಕ್ಕೆ ಜಲವರ್ಣ ಒತ್ತಿ ತೋರಿಸಿದ. "ನಾನು ಯಾವಾಗ ಹೀಗೆ ನೆಂದು ಮುದ್ದೆಯಾಗಿದ್ದೆ?" ಎಂದು ಅವಳು ಮುಖ ತಿರುಗಿಸಿದಳು. ಪೆನ್ಸಿಲ್ ಒತ್ತಿದಾಗ ಪಕ್ಕದ ಔಷಧಿ ಅಂಗಡಿಯವರು ಪೊಲೀಸರಿಗೆ ಬೇಕಾದ ಆಸಾಮಿಯಂತೆ ಕಂಡರು. ಭಾವನ ಫೋಟೊಕ್ಕೆ ತೈಲವರ್ಣ ಒತ್ತಿದಾಗ ಮಾತ್ರ ಕತ್ತರಿ ಕೂತ ಕುರ್ಚಿಯಿಂದ ಎದ್ದು ನಿಂತ.

ಭಾವ ಎಂದರೆ ಹೆಂಡತಿಯ ಅಣ್ಣ, ಬೇರೆ ಊರಿನಲ್ಲಿ ವಿಮಾ ಏಜೆಂಟು. ಈ ಬೀದಿಯಲ್ಲಿ ಅವನನ್ನು ಬುರುಡೆ ಭಾವ ಎನ್ನುತ್ತಿದ್ದರು. ತಲೆ ನೋಡಿದವರಿಗೂ ಆ ಹೆಸರು ಸರಿ ಎನಿಸುತ್ತಿತ್ತು, ಮಾತು ಕೇಳಿದವರಿಗೂ ಸರಿ ಎನಿಸುತ್ತಿತ್ತು. ಹಿಂದಿನ ಸಲ ಬಂದಾಗ ಅಂಗಡಿಯಲ್ಲೇ ಕೂರಿಸಿ ತೆಗೆದ ಫೋಟೊ ಅದು. ಅವನ ಹಿಂದಿನ ಗೂಟದಲ್ಲಿ ಗಿರಾಕಿಗಳಿಗೆ ಹೊದಿಸುವ ಕಪ್ಪು ಬಟ್ಟೆ ನೇತಾಡುತ್ತಿತ್ತು. ಬಟ್ಟೆ ಎಲ್ಲಿ ಮುಗಿದು ತಲೆ ಎಲ್ಲಿ ಶುರುವಾಯಿತೆಂದು ತಿಳಿಯದ ಆ್ಯಪ್ಪು, ಕಪ್ಪು ಬಣ್ಣವನ್ನೆಲ್ಲ ನೆತ್ತಿಯ ಮೇಲೆ ಎಳೆದುಬಿಟ್ಟಿತ್ತು. ಬೋಳುಗುಡ್ಡದ ಮೇಲೆ ಕಾಡು ಎದ್ದಿತ್ತು. ಕತ್ತರಿ ಅದನ್ನು ಭಾವನ ಮೊಬೈಲಿಗೆ ಕಳಿಸಿದ. ಕೆಲವು ದಿನಗಳಾದ ಮೇಲೆ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಚೌಕಟ್ಟು ಕಟ್ಟಿಸಿ, ಆ ಬೆಳಗ್ಗೆ ಗೋಡೆಗೆ ಮೊಳೆ ಹೊಡೆದ.

ಮೊದಲು ಬಂದವರು ನಿವೃತ್ತ ಹೆಡ್‌ಮಾಸ್ಟರು. ಅವರ ನಡುನೆತ್ತಿಯಲ್ಲಿ ಒಂದು ತಟ್ಟೆ ಇಡುವಷ್ಟು ಜಾಗ ಖಾಲಿಯಿತ್ತು. ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡು ಚಿತ್ರವನ್ನೇ ದಿಟ್ಟಿಸಿದರು.

"ಇದು ನಿಮ್ಮ ಬುರುಡೆ ಭಾವ ಅಲ್ವೇನೋ? ತಲೆ ಮೇಲೆ ಅದೇನದು?"

ಕತ್ತಿ ಅವರ ಗಂಟಲ ಹತ್ತಿರವಿತ್ತು. ಕತ್ತರಿಯ ಗಮನವೆಲ್ಲ ಅಲ್ಲಿತ್ತು. "ಎಲ್ಲ ತೈಲದ ಮಹಿಮೆ ಸಾರ್. ನಾನೇ ಹಾಕಿದ್ದು. ಮೊದ್ಲು ನೀರಿಂದು ಹಾಕಿ ನೋಡ್ದೆ, ಏನೂ ಆಗ್ಲಿಲ್ಲ. ತೈಲ ಹಾಕಿದ್ದೇ ತಡ, ತಾನಾಗೇ ಬಂದ್ಬಿಡ್ತು."

"ಉರಿ ಗಿರಿ ಏನಾದ್ರೂ?"

"ಅವರಿಗೆ ಗೊತ್ತೇ ಆಗ್ಲಿಲ್ಲ ಸಾರ್."

ಹೆಡ್‌ಮಾಸ್ಟರು ಮುಖದ ನೊರೆ ಒರೆಸಿಕೊಂಡರು. ಎದ್ದು ಸೀದಾ ಔಷಧಿ ಅಂಗಡಿಗೆ ಹೋಗಿ, ಯಾರಿಗೂ ಹೇಳಬೇಡಿ ಎಂದು ಹೇಳಿ ಬಂದರು. ಹಾಗಾಗಿ ಮಧ್ಯಾಹ್ನದ ಊಟದ ಹೊತ್ತಿಗೆ ಬೀದಿಗೆಲ್ಲ ಗೊತ್ತಾಯಿತು.

ಔಷಧಿ ಅಂಗಡಿಯವರು ಗಂಭೀರವಾಗಿ ಒಳಗೆ ಬಂದರು. "ಲೈಸೆನ್ಸ್ ಇಲ್ದೆ ಎಣ್ಣೆ ಮಾಡೋದು ಅಪರಾಧ, ಗೊತ್ತೇನಯ್ಯಾ ನಿನಗೆ?" ಎಂದು ಗದರಿಸಿದರು. ಆಮೇಲೆ ಬಾಗಿಲ ಕಡೆ ನೋಡಿ, ಟೋಪಿ ತೆಗೆದು, ದನಿ ಇಳಿಸಿದರು. "ನಂಗೊಂದು ಬಾಟ್ಲಿ ಎತ್ತಿಡು."

"ಯಾವ ಎಣ್ಣೆ ಸಾರ್? ತೈಲ ಹಾಕಿದ್ದು ಫೋಟೊಕ್ಕೆ, ತಲೆಗಲ್ಲ. ಬೇಕಾದ್ರೆ ನಿಮ್ಮ ಮೇಲೇ ಮಾಡಿ ತೋರಿಸ್ತೀನಿ."

ಅವರನ್ನು ಬಿಳಿ ಗೋಡೆಗೆ ಒರಗಿಸಿ ಫೋಟೊ ತೆಗೆದು ತೈಲವರ್ಣ ಒತ್ತಿದ. ತಲೆ ಗೋಡೆಗಿಂತ ಬೆಳ್ಳಗೆ ಹೊಳೆಯಿತು. ಒಂದೇ ಒಂದು ಎಳೆ ಕೂಡ ಮೂಡಲಿಲ್ಲ.

"ನೋಡಿದ್ಯಾ? ಇದರಿಂದ ಬರೋ ಹಾಗಿದ್ರೆ ನಂಗೂ ಬರಬೇಕಿತ್ತು. ಅಂದ್ರೆ ಭಾವನಿಗೆ ಬೇರೇನೋ ಹಚ್ಚಿದ್ದೀಯ," ಎಂದರು ಔಷಧಿ ಅಂಗಡಿಯವರು. ಬಾಗಿಲಲ್ಲಿ ಸೇರಿದ್ದ ತಲೆಗಳೆಲ್ಲ, ಕೂದಲಿದ್ದವೂ ಇಲ್ಲದವೂ, ಹೌದೌದು ಎಂದು ಅಲ್ಲಾಡಿದವು.

ಅಲ್ಲಿಂದ ಕತ್ತರಿಯ ಅಂಗಡಿ ಅವನದಾಗಿ ಉಳಿಯಲಿಲ್ಲ. ಒಬ್ಬರು ಬಾಟಲಿಗಳ ಮುಚ್ಚಳ ತೆಗೆದು ಮೂಸಿದರು. ಒಬ್ಬರು ಕುರ್ಚಿಯ ಕೆಳಗೆ ತಲೆ ತೂರಿಸಿದರು. ಹೆಡ್‌ಮಾಸ್ಟರು ಕನ್ನಡಿ ಒರೆಸುವ ನೀಲಿ ನೀರನ್ನು ನೆತ್ತಿಗೆ ಹಚ್ಚಿಕೊಂಡು, "ತಣ್ಣಗಿದೆ, ಇದೇ ಇರಬೇಕು," ಎಂದರು. ಅಷ್ಟರಲ್ಲಿ ಹೆಂಡತಿಯೂ ಬಂದಳು.

"ಅಲ್ರೀ, ನನ್ನ ಒಡಹುಟ್ಟಿದವನಿಗೆ ಕೂದಲು ಬರ್ಸಿ ನನ್ನ ಹತ್ರನೇ ಮುಚ್ಚಿಟ್ರಾ? ಬೀದಿಯೋರು ಬಂದು ಹೇಳಬೇಕಾಯ್ತು."

"ನಿನ್ನಾಣೆ, ಏನೂ ಇಲ್ವೇ."

"ಆಣೆ ಹಾಕೋದಾದ್ರೆ ನಿಮ್ಮ ಮೇಲೇ ಹಾಕ್ಕೊಳ್ಳಿ."

ಕತ್ತರಿಗೆ ಆಗ ಹೊಳೆಯಿತು. ಆ ಫೋಟೊ ತೆಗೆದಾಗಿನಿಂದ ಭಾವ ಈ ಕಡೆ ತಲೆ ಹಾಕಿರಲಿಲ್ಲ. ಇವತ್ತು ಸಂಜೆಯ ಬಸ್ಸಿಗೆ ಬರುತ್ತೇನೆಂದು ಫೋನ್ ಮಾಡಿದ್ದ. "ಸಂಜೆ ಭಾವನೇ ಬರ್ತಾರೆ. ಅವರ ತಲೆ ನೋಡಿ, ಆಮೇಲೆ ಮಾತಾಡಿ," ಎಂದ. ಬೆಳಗ್ಗೆಯಿಂದ ಮೊದಲ ಬಾರಿಗೆ ಅವನಿಗೆ ಉಸಿರು ಸರಾಗವಾಯಿತು.

ಸಂಜೆ ಬಸ್ಸಿಳಿದು ಬೀದಿಯ ತಿರುವಿನಲ್ಲಿ ಭಾವ ಕಾಣಿಸಿಕೊಂಡ. ಕತ್ತರಿಯ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಭಾವನ ತಲೆಯ ತುಂಬ ಕರ್ರಗೆ ಸೊಂಪಾಗಿ ಕೂದಲು, ಚಿತ್ರದಲ್ಲಿ ಹೇಗಿತ್ತೋ ಹಾಗೇ.

"ಈಗೇನಂತೀಯಪ್ಪಾ?" ಎಂದರು ಔಷಧಿ ಅಂಗಡಿಯವರು. ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಇಷ್ಟು ಜನ ತನ್ನನ್ನು ಕಾಯುತ್ತಿದ್ದದ್ದನ್ನು ಕಂಡು ಭಾವನಿಗೆ ಹುರುಪು ಬಂತು. ಕುರ್ಚಿಯಲ್ಲಿ ಕೂತು, "ಎಲ್ಲ ನಮ್ಮ ತಂಗಿ ಗಂಡನ ಕೈಗುಣ," ಎಂದುಬಿಟ್ಟ.

ಕತ್ತರಿ ಬಗ್ಗಿ ನೋಡಿದ. ಕಿವಿಯ ಹಿಂದೆ ಬಲೆಯ ಅಂಚು, ಅದರ ಕೆಳಗೆ ಗೋಂದು. ಭಾವ ಪಿಸುಗುಟ್ಟಿದ: "ನೀನು ಕಳಿಸಿದ ಚಿತ್ರ ನೋಡಿ ಆಫೀಸಲ್ಲಿ ಎಲ್ರೂ ಹೊಗಳಿದ್ರು ಮಾರಾಯ. ಅದೇ ಥರದ ವಿಗ್ ತಗೊಂಡೆ. ನನ್ನ ಮಾನ ಉಳಿಸು."

ಕತ್ತರಿ ಉಳಿಸುತ್ತಿದ್ದನೇನೋ. ಆದರೆ, "ಆ ಎಣ್ಣೆ ನಮ್ಮೆದುರಿಗೇ ಇನ್ನೊಂದ್ಸಲ ಹಚ್ಚು," ಎಂದು ಜನ ಪಟ್ಟು ಹಿಡಿದರು. ಹೆಂಡತಿ ಮನೆಯಿಂದ ತನ್ನ ಎಣ್ಣೆ ಬಾಟಲಿಯನ್ನೇ ತಂದು ಕೈಗಿಟ್ಟಳು. ಭಾವ ಬೇಡ ಬೇಡವೆಂದು ಕನ್ನಡಿಯಲ್ಲಿ ಕಣ್ಸನ್ನೆ ಮಾಡಿದ. ಕತ್ತರಿ ದೇವರ ಮೇಲೆ ಭಾರ ಹಾಕಿ ತಿಕ್ಕಿದ. ಎಣ್ಣೆ ಗೋಂದಿನೊಳಗೆ ಇಳಿಯಿತು. ನಾಲ್ಕು ಸಲ ತಿಕ್ಕುವುದರೊಳಗೆ ಇಡೀ ಕೂದಲು ಜಾರಿ, ಹೆದರಿದ ಬೆಕ್ಕಿನಮರಿಯಂತೆ ಅವನ ಅಂಗೈಯಲ್ಲಿ ಕೂತಿತು.

ಭಾವನ ಮಾನ ಹೋಯಿತು, ಆದರೆ ಕತ್ತರಿಯ ಎದೆಯ ಮೇಲಿನ ಬಂಡೆ ಇಳಿಯಿತು. "ನೋಡಿದ್ರಾ? ಎಣ್ಣೆಯೂ ಇಲ್ಲ, ಮಣ್ಣೂ ಇಲ್ಲ. ಇದು ಬರೀ ವಿಗ್," ಎಂದ.

ಹೆಡ್‌ಮಾಸ್ಟರು ಅದನ್ನು ಇಸಿದುಕೊಂಡು ದೀಪಕ್ಕೆ ಹಿಡಿದರು. "ಇದು ಮನುಷ್ಯರ ಕೂದಲು."

"ಅಸಲಿ ಮಾಲು ಸಾರ್," ಎಂದ ಭಾವ, ಆ ಸ್ಥಿತಿಯಲ್ಲೂ ಸ್ವಲ್ಪ ಜಂಬದಿಂದ.

"ಅದೇ ನಾನೂ ಹೇಳೋದು. ಕಟಿಂಗ್ ಶಾಪಿನವನ ಭಾವನಿಗೆ ಇಷ್ಟೊಂದು ಅಸಲಿ ಕೂದಲು ಎಲ್ಲಿಂದ ಬಂತು?"

ಎಲ್ಲರ ಕಣ್ಣೂ ಮೂಲೆಯಲ್ಲಿದ್ದ, ಕತ್ತರಿಸಿದ ಕೂದಲು ಗುಡಿಸುವ ಪೊರಕೆಯ ಕಡೆ ಹೊರಳಿದವು. ಒಬ್ಬೊಬ್ಬರ ಕೈಯೂ ತಂತಮ್ಮ ತಲೆಯ ಮೇಲೆ ಹೋಯಿತು.

"ಅಂಗಡೀಲಿ ದುಡ್ಡು ಕೊಟ್ಟು ತಗೊಂಡಿದ್ದು, ಸತ್ಯವಾಗ್ಲೂ," ಎಂದ ಭಾವ. ಹುಟ್ಟಿದಾಗಿನಿಂದ ಅವನು ಆಡಿದ ಅಪರೂಪದ ನಿಜಗಳಲ್ಲಿ ಅದೂ ಒಂದು. ಒಬ್ಬರೂ ನಂಬಲಿಲ್ಲ.

"ಈ ಮುಂದಿನ ಗುಂಗುರು ನಂದು. ಟೋಪಿ ಹಾಕೋಕೆ ಮುಂಚೆ ನಂಗೆ ಹೀಗೇ ಇತ್ತು," ಎಂದು ಔಷಧಿ ಅಂಗಡಿಯವರು ವಿಗ್ಗನ್ನು ಎಳೆದರು. ಇನ್ನೊಂದು ತುದಿಯನ್ನು ಇನ್ಯಾರೋ ಎಳೆದರು. ಹೆಂಡತಿ ಮಾತ್ರ ಗಂಡನನ್ನೇ ನೋಡುತ್ತಿದ್ದಳು. "ಊರಿನವರದೆಲ್ಲ ಸರಿ. ಆ ಉದ್ದದ ಎಳೆಗಳು ನನ್ನ ಬಾಚಣಿಗೇದಾ?" ಎಂದು ಕೇಳಿದಳು.

ಮರುದಿನ ಬೆಳಗ್ಗೆ ಅಂಗಡಿ ತೆರೆದಾಗ ಬೆಂಚಿನ ತುಂಬ ಜನರಿದ್ದರು. ಪರವಾಗಿಲ್ಲ, ಎಲ್ಲ ಮರೆತರು ಎಂದುಕೊಂಡ ಕತ್ತರಿ. ಹೆಡ್‌ಮಾಸ್ಟರನ್ನು ಕೂರಿಸಿ, ನೆತ್ತಿಯ ಸುತ್ತ ಉಳಿದಿದ್ದನ್ನು ಚೊಕ್ಕಟವಾಗಿ ಕತ್ತರಿಸಿ ಪೊರಕೆಗೆ ಕೈ ಹಾಕಿದ. ಅವರು ಕೈ ಅಡ್ಡ ಹಿಡಿದರು. ಜೇಬಿನಿಂದ ಕಾಗದದ ಚೀಲವೊಂದನ್ನು ತೆಗೆದು, ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ತಮ್ಮ ಕೂದಲನ್ನು ಆರಿಸಿ ತುಂಬಿಕೊಳ್ಳತೊಡಗಿದರು. ಬೆಂಚಿನ ಮೇಲಿದ್ದವರ ಕೈಯಲ್ಲೂ ಒಂದೊಂದು ಚೀಲವಿತ್ತು.

"ಸುಮ್ನೆ ನಿಂತಿದ್ದೀಯಲ್ಲಯ್ಯಾ, ಸ್ವಲ್ಪ ಕಾಲು ಎತ್ತು," ಎಂದರು ಹೆಡ್‌ಮಾಸ್ಟರು. "ನಿನ್ನ ಚಪ್ಪಲಿ ಕೆಳಗೆ ಎರಡು ಎಳೆ ಸಿಕ್ಕಾಕ್ಕೊಂಡಿವೆ."