ನವಿಲುಬಣ್ಣದ ಗುಂಡಿ

ಜಗಳ ಶುರುವಾದದ್ದು ಒಂದು ಗೋಡೆಯಿಂದ. ಹೆಂಡತಿ ರಜೆ ಹಾಕಿ, ಏಣಿ ಹತ್ತಿ, ಮಲಗುವ ಕೋಣೆಯ ಗೋಡೆಗೆ ನವಿಲುಬಣ್ಣ ಬಳಿದಿದ್ದಳು. ಸಂಜೆ ಬಂದ ಗಂಡ ಅದಕ್ಕೇ ಒರಗಿ ಕೂತು, ಅಂಗಿಯ ಬೆನ್ನೆಲ್ಲ ಬಣ್ಣವಾದ ಮೇಲೆ, "ಇದೇನೇ ಅಂಟು ಅಂಟು?" ಎಂದ. ದಿನವಿಡೀ ವೆಬ್ ಪುಟಗಳಿಗೆ ಬಣ್ಣ ಹಚ್ಚಿ ಸಂಬಳ ತರುವ, ಆಫೀಸಿನಲ್ಲಿ ಬಣ್ಣಯ್ಯನೆಂದೇ ಹೆಸರಾದ ಮಹಾನುಭಾವನ ಮಾತು ಇದು! ಅವಳು ಬಟ್ಟೆಬರೆ ಕಟ್ಟಿಕೊಂಡು ಅಕ್ಕನ ಮನೆಗೆ ಹೊರಟುಹೋದಳು. ಇವನ ನಂಬರನ್ನೂ ಬ್ಲಾಕ್ ಮಾಡಿಟ್ಟಳು.

ಅಂದಿನಿಂದ ಮನೆ ಬಿಕೋ ಎನ್ನುತ್ತಿತ್ತು. ಕಣ್ಣು ಬಿಟ್ಟರೆ ಎದುರಿಗೆ ಅದೇ ಗೋಡೆ. ಎಂಥ ಚೆಂದದ ಬಣ್ಣವೆಂದು ಈಗ ಕಾಣುತ್ತಿತ್ತು, ಹೇಳೋಣವೆಂದರೆ ಅವಳಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬಣ್ಣಯ್ಯ ಅವಳ ದಿಂಬನ್ನು ಸರಿಮಾಡಿಟ್ಟು, ಉಸಿರೆಳೆದುಕೊಂಡು ಆಫೀಸಿಗೆ ಬಂದ.

ಅವನ ಮುಖ ನೋಡಿ ಪಕ್ಕದ ಮೇಜಿನ ತಪ್ಪಕ್ಕನ ಕರುಳು ಚುರುಕ್ಕೆಂದಿತು. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದೇ ಆಕೆಯ ಉದ್ಯೋಗ, ಅದಕ್ಕೇ ಆ ಹೆಸರು.

"ಲೋ, ನಿನ್ನ ಹೆಂಡ್ತಿ ಇರೋ ಲೈಬ್ರರಿಗೆ ಪುಟ ಮಾಡಿಕೊಟ್ಟಿರೋದು ನಾವೇ ಅಲ್ವೇನೋ?"

"ಹೂಂ. ಊರಿನ ಎಲ್ಲಾ ಲೈಬ್ರರಿಗೂ ಅದೇ ಪುಟ."

"ಮತ್ತೆ? ನಿನ್ನ ಫೋನ್ ತೆಗೀದೆ ಇರಬಹುದು. ನೀನು ಮಾಡಿದ ಪುಟ ತೆಗೀದೆ ಅವಳ ಕೆಲಸ ನಡೆಯುತ್ತಾ?"

ಬಣ್ಣಯ್ಯನ ಕಣ್ಣರಳಿತು. ಪುಸ್ತಕ ಮರಳಿ ಪಡೆಯುವಾಗ ಒತ್ತಲೆಂದು ಆ ಪುಟದಲ್ಲಿ 'ವಾಪಸ್' ಎಂಬ ಬೂದುಬಣ್ಣದ ಗುಂಡಿಯಿತ್ತು. ಪುಟ ಕಟ್ಟಲು ಅವನು ಬಳಸುವ ಜಾವಾಸ್ಕ್ರಿಪ್ಟ್ ಫ್ರೇಮ್‌ವರ್ಕ್‌ನಲ್ಲಿ ಇಂಥ ಗುಂಡಿಗೊಂದು ಪ್ರಶ್ನೆ ಕಟ್ಟಿದರೆ ಸಾಕು: ಪುಟ ತೆರೆದವರು ಇಂಥವರೇನಾ? ಹೌದಾದರೆ ಒಂದು ವೇಷ, ಇಲ್ಲವಾದರೆ ಇನ್ನೊಂದು. ಉಳಿದದ್ದನ್ನು ಪುಟವೇ ನೋಡಿಕೊಳ್ಳುತ್ತದೆ. ಅವಳು ಬಂದಾಗ ಮಾತ್ರ ಗುಂಡಿ ನವಿಲುಬಣ್ಣಕ್ಕೆ ತಿರುಗಬೇಕು, ಎದೆಯ ಹಾಗೆ ಮಿಡಿಯಬೇಕು, ಒತ್ತದಿದ್ದಷ್ಟೂ ಹಿಗ್ಗುತ್ತಾ ಹೋಗಬೇಕು. 'ಗೋಡೆ ನೋಡಿದೆ ಕಣೇ, ವಾಪಸ್ ಬಾ' ಎಂದು ತಾನು ಬಾಯಿಬಿಟ್ಟು ಹೇಳಲಾರದ್ದನ್ನು ಗುಂಡಿಯ ಬಣ್ಣವಾದರೂ ಹೇಳಲಿ. ಹೌದು-ಇಲ್ಲಗಳ ಆ ಒಂದು ಸಾಲು ಬರೆಯುವಾಗ ಅವನ ಕಣ್ಣು ಮಂಜಾಯಿತು.

"ಕೊಡು, ಒಂದ್ಸಲ ಕಣ್ಣಾಡಿಸ್ತೀನಿ," ಎಂದಳು ತಪ್ಪಕ್ಕ.

"ಗಂಡ ಹೆಂಡ್ತಿ ವಿಷಯ, ನೀವು ನೋಡೋದೇನಿದೆ!" ಎಂದು ನಾಚಿಕೊಂಡ ಬಣ್ಣಯ್ಯ ಅದನ್ನು ಹಾಗೇ ಪುಟಕ್ಕೆ ಏರಿಸಿಬಿಟ್ಟ.

ಲೈಬ್ರರಿಗಳ ಬಾಗಿಲು ತೆರೆದದ್ದೇ ತಡ, ಆಫೀಸಿನ ಫೋನುಗಳು ಬಡಿದುಕೊಳ್ಳತೊಡಗಿದವು.

"ರೀ, ನಮ್ಮ ವಾಪಸ್ ಗುಂಡಿ ಊದ್ಕೊಂಡು ಢವಢವ ಅಂತಿದೆ!" ಎಂದು ಒಬ್ಬರು. ನಿವೃತ್ತಿಗೆ ಹತ್ತಿರವಾದ ಇನ್ನೊಬ್ಬರು, "ಈ ವಯಸ್ಸಲ್ಲಿ ನನಗೆ ಇದೆಲ್ಲಾ ಯಾಕಪ್ಪಾ?" ಎಂದು ದನಿ ತಗ್ಗಿಸಿ ಕೇಳಿದರು.

ಆಫೀಸಿನ ಯಜಮಾನರು ಕೆಂಪಗಾಗಿ ಓಡಿ ಬಂದರು. "ಏನಯ್ಯಾ ಇದು ಕೋತಿಚೇಷ್ಟೆ? ಈಗಿಂದೀಗ್ಲೇ ತೆಗಿ!"

"ಸಂಜೆವರೆಗೂ ಬಿಡಿ ಸಾರ್, ನಿಮ್ಮ ದಮ್ಮಯ್ಯ!"

ಊರಿಗೆಲ್ಲ ಹೋಗಿದ್ದರೇನಂತೆ, ಅವಳಿಗೂ ಹೋಗಿರುತ್ತದಲ್ಲ! ಅವಳು ಒಮ್ಮೆ ನೋಡಲಿ, ಆಮೇಲೆ ಕೆಲಸ ಹೋದರೂ ಹೋಗಲಿ ಎಂದುಕೊಂಡು ಬಣ್ಣಯ್ಯ ಕೀಲಿಮಣೆಯನ್ನು ಎರಡೂ ಕೈಯಿಂದ ತಬ್ಬಿ ಕೂತ. ಯಜಮಾನರು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅವರ ಫೋನೇ ಮೊಳಗಿತು. ಲೈಬ್ರರಿಗಳ ಮುಖ್ಯಸ್ಥರು! ಕೌಂಟರಿನ ಪರದೆಯ ಮೇಲೆ ಮಿಡಿಯುವ 'ವಾಪಸ್' ನೋಡಿ ಓದುಗರಿಗೆಲ್ಲ ಮನಸ್ಸು ಚುಚ್ಚಿತಂತೆ. ಯಾವ ಕಾಲದಲ್ಲೋ ಒಯ್ದಿದ್ದ ಪುಸ್ತಕಗಳನ್ನು ಹೊತ್ತುಕೊಂಡು ಬಂದು ಸಾಲುಗಟ್ಟಿ ನಿಂತಿದ್ದಾರಂತೆ.

"ಬಂಗಾರ ಕಣಯ್ಯಾ ನೀನು!" ಎಂದರು ಯಜಮಾನರು.

ಅಷ್ಟರಲ್ಲಿ ಬಣ್ಣಯ್ಯನ ಮೇಜಿನ ಫೋನು ಸದ್ದಾಯಿತು. ಎತ್ತಿದರೆ ಅವಳ ದನಿ! ಅವನಿಗೆ ಹೋದ ಜೀವ ಬಂದಂತಾಯಿತು.

"ನೋಡ್ದ್ಯಾ?" ಎಂದ.

"ನೋಡ್ದೆ. ಪಕ್ಕದ ಕೌಂಟರಿನೋಳಿಗೆ ನವಿಲುಬಣ್ಣ. ಬಾಗಿಲ ಹತ್ರ ಕೂರೋ ಮುದುಕಪ್ಪನಿಗೂ ನವಿಲುಬಣ್ಣ. ಬೇರೆ ಲೈಬ್ರರಿಗೆಲ್ಲ ಫೋನ್ ಮಾಡಿ ಕೇಳ್ದೆ, ಎಲ್ಲರಿಗೂ ಅದೇ. ನನಗೊಬ್ಬಳಿಗೆ ಬೂದು! ಅಲ್ಲಾಡ್ದೆ ಬಿದ್ಕೊಂಡಿದೆ."

"ಏ, ಹಾಗಿರಲ್ಲ ಕಣೇ, ಕೇಳಿಲ್ಲಿ..."

"ನಿನ್ನ ಬಿಟ್ಟು ಇರೋಕಾಗ್ದೆ ಬಟ್ಟೆಬರೆ ಕಟ್ಕೊಂಡೇ ಬಂದಿದ್ದೆ ಇವತ್ತು. ಸಂಜೆ ಇಲ್ಲಿಂದ ಸೀದಾ ಮನೆಗೇ ಬರೋಣ ಅಂತಿದ್ದೆ." ಅವಳು ಮೂಗೆಳೆದುಕೊಂಡಳು. "ಊರಿಗೆಲ್ಲ ವಾಪಸ್ ಬಾ, ನನಗೆ ಮಾತ್ರ ಬೇಡ. ಅರ್ಥ ಆಯ್ತು ಬಿಡು."

ಫೋನು ಕಟ್ಟಾಯಿತು. ತಪ್ಪಕ್ಕ ಅವನ ಪರದೆಗೆ ಬಗ್ಗಿ ನೋಡಿ ಹಣೆ ಚಚ್ಚಿಕೊಂಡಳು.

"ಅಯ್ಯೋ ಪುಣ್ಯಾತ್ಮ! ಹೌದು ಅನ್ನೋ ಕಡೆ ಬೂದು, ಇಲ್ಲ ಅನ್ನೋ ಕಡೆ ನವಿಲುಬಣ್ಣ ಬರ್ದಿದ್ದೀಯಲ್ಲೋ! ನೀನು ತೋಡಿದ ಗುಂಡಿಗೆ ನೀನೇ ಬಿದ್ದೆ."

ಸಂಜೆಗಿನ್ನೂ ಹೊತ್ತಿತ್ತು. ಅವಳು ಇನ್ನೂ ಆ ಪುಟದ ಮುಂದೆಯೇ ಕೂತಿರುತ್ತಾಳೆ. ಬಣ್ಣಯ್ಯ ಕೀಲಿಮಣೆಗೆ ಹಾರಿದ. ಯಜಮಾನರು ಗಬಕ್ಕನೆ ಅವನ ಮುಂಗೈ ಹಿಡಿದರು.

"ಕೈ ತೆಗಿ! ಒಂದಕ್ಷರ ಮುಟ್ಟಿದ್ರೆ ನೋಡು!"

"ಎರಡೇ ಪದ ಸಾರ್, ಅದಲುಬದಲು..."

"ಇದ್ದದ್ದು ಇದ್ದಹಾಗೇ ಇರುತ್ತೆ ಅಂತ ಲೈಬ್ರರಿಯೋರಿಗೆ ಮಾತು ಕೊಟ್ಟಿದೀನಿ." ಯಜಮಾನರು ಅವನನ್ನು ತಬ್ಬಿಕೊಂಡು ಬೆನ್ನು ತಟ್ಟಿದರು. "ಹೋದವೆಲ್ಲ ವಾಪಸ್ ಬರ್ತಿವೆ ಕಣಯ್ಯಾ! ಇನ್ನೇನು ಬೇಕು ನಿನಗೆ?"