ನನ್ನ ಮೈಗೆ ಹತ್ತದ ಮಾತ್ರೆ

ಹಲ್ಲು ಬಿದ್ದರೆ ಒಪ್ಪಿಕೊಳ್ಳುವ, ತಲೆ ಬೋಳಾದರೂ ನಕ್ಕು ಸುಮ್ಮನಾಗುವ ಗಂಡಸು, ಕಣ್ಣು ಮಂಜಾದರೆ ಮಾತ್ರ ತಪ್ಪನ್ನು ಬಲ್ಬಿನ ಮೇಲೆ ಹೊರಿಸುತ್ತಾನೆ. ನಾನೂ ಅದೇ ಜಾತಿ. ಭೀಮನಬೀಡಿನ ನಮ್ಮ ಹೊಲದಲ್ಲಿ ಚೆಂಡುಹೂ ಬೆಳೆಯುತ್ತೇವೆ. ಅದು ದೇವರ ಮುಡಿಗೆ ಹೋಗುವ ಹೂವಲ್ಲ, ಕಾರ್ಖಾನೆಗೆ ಹೋಗುವುದು. ಅದರ ಹಳದಿ ಸತ್ವ ತೆಗೆದು ಕಣ್ಣಿನ ಮಾತ್ರೆಗೆ ಹಾಕುತ್ತಾರಂತೆ. ಗುಂಡ್ಲುಪೇಟೆಯ ಡಾಕ್ಟರು ನನಗೂ ನನ್ನ ಹೆಂಡತಿ ಗೌರಮ್ಮನಿಗೂ ಆ ಮಾತ್ರೆಯನ್ನೇ ಬರೆದುಕೊಟ್ಟಾಗ, ನಮ್ಮ ಹೂವು ನಮ್ಮನ್ನು ಕೈಬಿಡುವುದಿಲ್ಲವೆಂದು ಬೀಗಿದ್ದೆ.

ಕೆಲವು ತಿಂಗಳ ಮೇಲೆ ಮತ್ತೆ ತೋರಿಸಲು ಹೋದೆವು. ಗೌರಮ್ಮ ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಸರಾಗವಾಗಿ ಓದಿದಳು. ನಾನು ನಡುವಿನ ಸಾಲಿಗೇ ನಿಂತು, ಪಟ ಮಾಸಿದೆ, ಹೊಸದು ತರಿಸಿ ಎಂದೆ. ಡಾಕ್ಟರು ನಕ್ಕರು. ಇಂಥ ಮಾತ್ರೆಗಳು ಗಂಡಸರ ಮೈಗೂ ಹೆಂಗಸರ ಮೈಗೂ ಒಂದೇ ರೀತಿ ಹತ್ತುತ್ತವೆಂದು ಹೇಳಲಾಗದು, ಅಮ್ಮನವರಿಗೆ ಒಗ್ಗಿರಬಹುದು, ಖಚಿತವಾಗಿ ಯಾರಿಗೂ ಗೊತ್ತಿಲ್ಲ ಎಂದರು. ನನಗೆ ರೇಗಿಹೋಯಿತು. ಗಿಡಕ್ಕೆ ನೀರು ಕಟ್ಟಿದವನು ನಾನು, ರಾತ್ರಿ ಕಾಡುಹಂದಿ ನುಗ್ಗದಂತೆ ಕಾದವನು ನಾನು, ಗುಣ ಮಾತ್ರ ಅವಳಿಗೆ! ಯಾವ ನ್ಯಾಯ ಇದು?

ಹೊರಗೆ ಬಂದದ್ದೇ ಗೌರಮ್ಮ ಕೈ ಚಾಚಿದಳು.

"ಸ್ಕೂಟರ್ ಕೀ ಕೊಡಿ ಇತ್ತಗೆ. ಇನ್ಮ್ಯಾಕೆ ನಾನೇ ಓಡುಸ್ತೀನಿ, ನೀವು ಇಂದ್ಗಡೆ ಕುಂತ್ಕಳಿ."

ಹೆಂಡತಿಯ ಬೆನ್ನ ಹಿಂದೆ ಮುದುರಿ ಕೂತು, ಹರಟುವ ಗೆಳೆಯರೆಲ್ಲ ನೋಡುವಂತೆ ಊರ ಅರಳೀಕಟ್ಟೆ ದಾಟುವುದೇ? ಪ್ರಾಣ ಕೊಟ್ಟೇನು, ಕೀ ಕೊಡಲಾರೆ. ನಂಗೆಲ್ಲಾ ಕಾಣ್ತದೆ ಕಣಮ್ಮಿ ಎಂದು ಗದರಿ, ನಾನೇ ಓಡಿಸಿಕೊಂಡು ಹೊಲಕ್ಕೆ ಬಂದೆ.

ಕೇರಳದ ಕಡೆಯಿಂದ ಜನ ಬಂದು ಹೂವಿನ ನಡುವೆ ಫೋಟೊ ತೆಗೆಸಿಕೊಂಡು ಗಿಡ ತುಳಿಯುವ ಕಾಲ ಅದು. ಆ ಸಂಜೆಯೂ ಒಬ್ಬ ಕೈ ಅಗಲಿಸಿ ನಿಂತಿದ್ದ. ನನಗೆ ಬರುವ ಅಷ್ಟೂ ಮಲಯಾಳವನ್ನು ಖರ್ಚು ಮಾಡಿ 'ಪೋ, ಪೋ' ಎಂದೆ. ಅಲ್ಲಾಡಲಿಲ್ಲ. ಕನ್ನಡಕ್ಕಿಳಿದೆ. ಇದು ಕಣ್ಣಿನ ಔಷಧಿಯ ಹೂವು, ದೊಡ್ಡವರು ಮಾತಾಡುವಾಗ ಕೈ ಇಳಿಸುವ ಮರ್ಯಾದೆಯೂ ಇಲ್ಲವೇ ಎಂದು ಅವನ ಜನ್ಮ ಜಾಲಾಡಿದೆ. ಗೌರಮ್ಮ ಬದುವಿನ ಮೇಲೆ ನಿಂತು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡಳು.

"ಅವ ಓಗಲ್ಲ ಬುಡಿ," ಎಂದಳು ಕೊನೆಗೆ. "ಬೆರ್ಚಪ್ಪ ಅದು. ಅಂದಿ ಬೆದರ್ಲಿ ಅಂತ ನಾನೇ ನೆಟ್ಟಿವ್ನಿ. ನಿಮ್ಮ ಅಂಗೀನೇ ಆಕಿವ್ನಿ."

ಆದರೂ ನಾನು ಸೋತಿಲ್ಲ. ಮಾತ್ರೆಗೆ ಗಂಡು ಹೆಣ್ಣೆಂಬ ಭೇದವಿದೆಯೆಂದು ಇವತ್ತಿಗೂ ಒಪ್ಪಿಲ್ಲ. ಇವತ್ತಿಗೂ ಅರಳೀಕಟ್ಟೆಯ ಮುಂದೆ ಎದೆ ಸೆಟೆಸಿ ಸ್ಕೂಟರ್ ಓಡಿಸುವವನು ನಾನೇ. ಕಟ್ಟೆ ಮರೆಯಾದ ಕೂಡಲೇ ಇಳಿದು, ಹಿಂದೆ ಕೂತು, ನಿಧಾನ ನಿಧಾನ ಎಂದು ಗೌರಮ್ಮನನ್ನು ಗದರಿಸುತ್ತಾ ಪೇಟೆಗೆ ಹೋಗುತ್ತೇನೆ.