ಹಂಗಳದಾಚೆಯ ಹೈಸ್ಕೂಲು ವಿಡಿಯೋ ಮಾಡಿಸಿದ್ದು

ರಿಟೈರ್ ಆದವನಿಗೆ ಬೇರೆ ಕೆಲಸವಿಲ್ಲ ಎಂಬುದು ಗುಂಡ್ಲುಪೇಟೆ ತಾಲ್ಲೂಕಿಗೆಲ್ಲ ಗೊತ್ತಾಗಿಬಿಟ್ಟಿದೆ. ಎಲ್ಲಾದರೂ ಒಂದು ಕೆಲಸ ಕೆಡಬೇಕಾಗಿದ್ದರೆ ಮೊದಲು ನನಗೇ ಫೋನು ಬರುತ್ತದೆ. ನಾನೂ ಖುಷಿಯಾಗಿ ಅಂಗಿ ತೊಟ್ಟು ಹೊರಟುಬಿಡುತ್ತೇನೆ.

ಈ ಸಲ ಕರೆದವರು ಹಂಗಳದಾಚೆ ನಾನು ಮೊದಲು ಪಾಠ ಮಾಡುತ್ತಿದ್ದ ಹೈಸ್ಕೂಲಿನ ಹೆಡ್ ಮೇಡಂ. "ಸಾರ್, ಎಂಟನೇ ಕ್ಲಾಸಿಗೆ ಹದಿನೈದು ಮಕ್ಕಳಾದರೂ ಸೇರದಿದ್ದರೆ ಶಾಲೆ ಮುಚ್ತಾರಂತೆ. ಬಂದಿರೋದು ಆರೇ ಅರ್ಜಿ. ಶಾಲೆ ಬಗ್ಗೆ ಒಂದು ವಿಡಿಯೋ ಮಾಡಿ ಊರೂರಿನ ವಾಟ್ಸಾಪ್ ಗ್ರೂಪಿಗೆ ಬಿಡೋಣ ಅಂತ. ಏನೇನು ಬೇಕೋ ನೀವೇ ಆರಿಸಿಕೊಡಿ, ಓದಿದವರು."

ನಾನು ಓದಿದ್ದು ರಸಾಯನಶಾಸ್ತ್ರ. ಆದರೂ "ಅದಕ್ಕೇನಂತೆ" ಎಂದೆ.

೧. ಕ್ಯಾಮೆರಾ

ಶಾಲಾ ಸಮಿತಿಯ ಅಧ್ಯಕ್ಷರದು ಒಂದೇ ಹಟ. "ಮೇಷ್ಟ್ರೇ, ಡ್ರೋನು ತರ್ಸಿ. ಹಿಂದ್ಗಡೆ ಗೋಪಾಲಸ್ವಾಮಿ ಬೆಟ್ಟ, ಮುಂದ್ಗಡೆ ನಮ್ ಸ್ಕೂಲು. ಮ್ಯಾಲಿಂದ ಯಂಗ್ ಕಂಡಾತು!"

"ಇದು ಕಾಡಂಚು ಅಧ್ಯಕ್ಷರೇ. ಫಾರೆಸ್ಟ್‌ನೋರು ಡ್ರೋನ್ ಜೊತೆ ನಮ್ಮನ್ನೂ ಎತ್ತಾಕ್ಕೊಂಡು ಹೋಗ್ತಾರೆ."

ಅವರು ಯೋಚಿಸಿದರು. "ಅಂಗಾರೆ ನಿಮ್ಮುನ್ನೇ ನೀರಿನ್ ಟ್ಯಾಂಕ್ ಹತ್ತಿಸ್ಬುಡನ."

ಹತ್ತಿದೆ. ಮೊಬೈಲಿನಲ್ಲೇ ತೆಗೆದೆ. ಬೆಟ್ಟ ಬಂತು, ಶಾಲೆ ಬಂತು. ಪಕ್ಕದ ಅಧ್ಯಕ್ಷರ ಬಾಳೆತೋಟವೂ ಬಂತು. ಅದು ಗಡಿಕಲ್ಲು ದಾಟಿ ಎರಡು ಸಾಲು ನಮ್ಮ ಆಟದ ಮೈದಾನದೊಳಗೆ ಬಂದು ನಿಂತದ್ದು, ಪಾಪ, ಬೆಟ್ಟಕ್ಕಿಂತ ಚೆನ್ನಾಗಿ ಕಾಣುತ್ತಿತ್ತು.

ಅಧ್ಯಕ್ಷರು ಮೊಬೈಲನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. "ಡ್ರೋನೂ ಬ್ಯಾಡ, ಟ್ಯಾಂಕೂ ಬ್ಯಾಡ. ಮನ್ಷ ಅಂದ್ಮೇಲೆ ನೆಲದ್ ಮ್ಯಾಲಿರ್ಬೇಕು ಮೇಷ್ಟ್ರೇ" ಎಂದು ಮೊಬೈಲು ವಾಪಸ್ ಕೊಟ್ಟರು.

೨. ಮೈಕು

ಮೈಕಿಗಾಗಿ ಚಾಮರಾಜನಗರಕ್ಕೆ ಹೋದೆ. ಅಂಗಡಿಯವನು ಕಾಲರಿಗೆ ಸಿಕ್ಕಿಸುವುದೊಂದು, ಸ್ಟ್ಯಾಂಡಿಗೆ ಹಾಕುವುದೊಂದು ಇಟ್ಟ. "ಸ್ಟ್ಯಾಂಡಿಂದು ದೂರದ ಶಬ್ದಾನೂ ಹಿಡಿಯುತ್ತೆ ಸಾರ್" ಎಂದ. ನನಗೆ ದೂರದ್ದೇ ಬೇಕಿತ್ತು. ಹಕ್ಕಿ ಸದ್ದು ಬಂದರೆ ಚೆಂದ ಅಂತ ನನ್ನ ಲೆಕ್ಕ.

ಪಿ.ಟಿ. ಮೇಷ್ಟ್ರು ಇಸ್ತ್ರಿ ಅಂಗಿ ಹಾಕಿಕೊಂಡು ಕ್ಯಾಮೆರಾ ಮುಂದೆ ನಿಂತು ಕೈಮುಗಿದರು. "ಪೋಷಕರೇ, ನಿಮ್ಮ ಮಕ್ಕಳನ್ನು ನಮ್ಮ ಶಾಲೆಗೇ ಸೇರಿಸಿ."

ಸಂಜೆ ಎಲ್ಲರೂ ಕೂತು ಕೇಳಿದೆವು. ಹಕ್ಕಿ ಒಂದೂ ಬಂದಿರಲಿಲ್ಲ. ಬಂದದ್ದು ಅಡುಗೆಮನೆಯಿಂದ ಬಿಸಿಯೂಟದ ಅಮ್ಮನ ದನಿ: "ಕೇಳ್ದಾ ಅಕ್ಕ, ತನ್ ಮಗೀನ ಪ್ಯಾಟೆ ಕಾನ್ವೆಂಟ್‌ಗೆ ಆಕ್ಬುಟ್ಟು, ಊರ್ ಮಕ್ಳುನ್ನೆಲ್ಲ ಇಲ್ಲಿಗೆ ಕರೀತಾವ್ನೆ!"

ಮಾರನೆಯ ದಿನ ಪಿ.ಟಿ. ಮೇಷ್ಟ್ರು ಮಗಳ ಟಿ.ಸಿ. ತಂದು ಮೇಡಂ ಮೇಜಿನ ಮೇಲಿಟ್ಟರು. ವಿಡಿಯೋ ಮುಗಿಯುವ ಮೊದಲೇ ಅರ್ಜಿ ಏಳಾಯಿತು. ಮೈಕು ಅಂದರೆ ಅದು!

೩. ಸಾಫ್ಟ್‌ವೇರು

ಮೊಬೈಲಿನ ಪುಕ್ಕಟೆ ಆ್ಯಪು ಮೇಡಂ ಹಣೆಯ ಮೇಲೆ ತನ್ನ ಹೆಸರು ಬರೆಯುತ್ತಿತ್ತು. ಬೇಡವೆಂದು ಗುಂಡ್ಲುಪೇಟೆಯ ಒಬ್ಬ ಸ್ಟುಡಿಯೋದವನ ಹತ್ತಿರ ಹೋದೆ.

"ನಂತಾವ ದೊಡ್ ಸಾಫ್ಟ್‌ವೇರ್ ಐತೆ ಸಾ. ಅದ್ರಲ್ಲಿ ಎಷ್ಟ್ ಮದ್ವೆ ಮಾಡಿವ್ನಿ ಅಂತೀರಾ!"

ಆಗಲೇ ನಾನು ಎದ್ದು ಬರಬೇಕಿತ್ತು. ದಾಖಲಾತಿ ದಿನ, ಸಮಯ, ಸ್ಥಳ ಎಲ್ಲ ಬರೆದುಕೊಟ್ಟು ಬಂದೆ.

ಅವನು ಸಿದ್ಧವಾದ ವಿಡಿಯೋವನ್ನು ದಾಖಲಾತಿಯ ಹಿಂದಿನ ರಾತ್ರಿ ನೇರ ಅಧ್ಯಕ್ಷರಿಗೆ ಕಳಿಸಿದ. ಅಧ್ಯಕ್ಷರು ಬಿಚ್ಚಿ ನೋಡದೆ ಎಲ್ಲ ಗ್ರೂಪಿಗೂ ತಳ್ಳಿದರು. ಚಂದಕವಾಡಿಯ ತಮ್ಮ ಬೀಗರನ್ನೂ ಬಿಡಲಿಲ್ಲ. ಆಮೇಲೆ ನಾನು ನೋಡಿದೆ. ಓಲಗ ಶುರುವಾಯಿತು. ಗುಲಾಬಿ ಎಸಳು ಉದುರಿದವು. ಒಂದು ಕೆಂಪು ಹೃದಯ ತಿರುಗುತ್ತ ಬಂದು ನಿಂತಿತು. ಅದರೊಳಗೆ ಹೆಡ್ ಮೇಡಂ ಮತ್ತು ಪಿ.ಟಿ. ಮೇಷ್ಟ್ರು! ಕೆಳಗೆ ನಾನು ಬರೆದುಕೊಟ್ಟ ದಿನ, ಸಮಯ, ಜೊತೆಗೆ "ಶಾಲಾ ಆವರಣದಲ್ಲಿ, ಕುಟುಂಬ ಸಮೇತ ಬಂದು ಹರಸಿ."

ನಮ್ಮ ಕಡೆ ಕುಟುಂಬ ಸಮೇತ ಎಂದು ಕರೆದ ಮೇಲೆ ಯಾರದು, ಏನು ಎಂದು ಕೇಳುವುದಿಲ್ಲ, ಹೋಗುತ್ತೇವೆ. ಮಾರನೆಯ ಬೆಳಿಗ್ಗೆ ಆಟೋ, ಟೆಂಪೋ ತುಂಬ ಜನ ಬಂದಿಳಿದರು. ರೇಷ್ಮೆ ಸೀರೆ, ಮಲ್ಲಿಗೆ, ಗೋಡೆ ಗಡಿಯಾರ, ಸ್ಟೀಲಿನ ಕೊಡ. "ಎಣ್ಣೂ ಗಂಡೂ ಎಲ್ಲವ್ರೆ?"

ಮೇಡಂ ಕಣ್ಣಲ್ಲಿ ನೀರೇ ಬಂತು. ಆಮೇಲೆ ಟೆಂಪೋದಿಂದ ಇಳಿಯುತ್ತಿದ್ದ ಮಕ್ಕಳನ್ನು ನೋಡಿದರು. ಕಣ್ಣೊರೆಸಿಕೊಂಡು, "ಸಾರ್, ಗೇಟ್ ಹಾಕಿ. ಅಧ್ಯಕ್ಷರೇ, ಊಟ ನಿಮ್ಮದು" ಎಂದರು. ಕಳಿಸಿದ ತಪ್ಪಿಗೆ ಅಧ್ಯಕ್ಷರು ತೋಟದ ಎಲೆ ಕೊಯ್ಯಿಸಿದರು, ಅಕ್ಕಿ ತರಿಸಿದರು. ಪಂಕ್ತಿ ಕೂತಿತು. ಪಿ.ಟಿ. ಮೇಷ್ಟ್ರು ಅನ್ನ ಬಡಿಸಿದರು. ಅವರ ಹಿಂದೆಯೇ ನಾನು ಅರ್ಜಿ ಬಡಿಸುತ್ತ ಹೋದೆ. ಎಲೆಯ ಮುಂದೆ ಕೂತು ಇಲ್ಲ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಬಲಗೈಯಲ್ಲಿ ಸಾರನ್ನ, ಎಡಗೈಯಲ್ಲಿ ಸಹಿ. ಎರಡನೇ ಪಂಕ್ತಿ ಏಳುವ ಹೊತ್ತಿಗೆ ಅರ್ಜಿ ಹದಿನೇಳು!

ಹದಿನೇಳನೆಯದಕ್ಕೆ ಹೆಬ್ಬೆಟ್ಟು ಒತ್ತಿದ ಅಜ್ಜಿ ಸೆರಗಿನ ಗಂಟು ಬಿಚ್ಚಿ, ಮೇಡಂ ಮೇಲೂ ಪಿ.ಟಿ. ಮೇಷ್ಟ್ರ ಮೇಲೂ ಅಕ್ಷತೆ ಹಾಕಿಯೇಬಿಟ್ಟಳು.

"ಅಯ್ಯೋ ಅಜ್ಜಿ, ಇದು ಮದುವೆ ಅಲ್ಲ! ನಮ್ಮೆಜಮಾನ್ರು ಅಲ್ಲೇ ಕೂತಿದ್ದಾರೆ ನೋಡಿ!" ಎಂದು ಮೇಡಂ ಕೂಗಿಕೊಂಡರು.

ವಿಡಿಯೋ ನೋಡಿ ಗಾಬರಿಯಾಗಿ ಚಾಮರಾಜನಗರದಿಂದ ಮೊದಲ ಬಸ್ಸಿಗೇ ಬಂದಿದ್ದ ಯಜಮಾನರು ಆಗ ಎರಡನೇ ಸಲ ಪಾಯಸ ಹಾಕಿಸಿಕೊಳ್ಳುತ್ತಿದ್ದರು.

ಅಜ್ಜಿ ಅವರನ್ನು ನೋಡಿದಳು, ಎಲೆ ನೋಡಿದಳು. "ಇನ್ನೇನ್ ಬುಡವ್ವ. ಅವ್ರೇ ಉಂಡ್ಕಂಡ್ ಕೂತವ್ರಲ್ಲ, ಅವ್ರುದೂ ಒಪ್ಪಿಗೆ ಆದಂಗಾತು!"